‘ಖಾಲಿ’ ಬೇರೆ, ‘ಓದಲಾಗಲಿಲ್ಲ’ ಬೇರೆ: ಕರ್ನಲ್ ಫೈಲ್‌ಸಿಸ್ಟಮ್‌ನ ಎರರ್ ದಾರಿಯಲ್ಲಿ ದೋಷ ಹುಡುಕುವ ಬಗೆ

ದೂರು ಹೀಗಿತ್ತು. ಒಂದು ಡೈರೆಕ್ಟರಿಯಲ್ಲಿ ಹೊಸ ಫೈಲ್ ಮಾಡಲು ಹೋದರೆ ಟರ್ಮಿನಲ್ ನಿಂತೇ ಹೋಗುತ್ತದೆ. ಕಂಟ್ರೋಲ್-ಸಿಗೂ ಜಗ್ಗಲ್ಲ, ಕಿಲ್ -9ಕ್ಕೂ ಜಗ್ಗಲ್ಲ. ಪಿಎಸ್ ಹಾಕಿದರೆ ಆ ಪ್ರೋಸೆಸ್‌ನ ಸ್ಥಿತಿ ‘ಡಿ’, ಅಂದರೆ ಎಬ್ಬಿಸಲಾಗದ ನಿದ್ದೆ, ಅಂತ ಕಾಣುತ್ತದೆ. ಅನ್‌ಮೌಂಟ್ ಮಾಡೋಣ ಅಂದರೆ ‘ಟಾರ್ಗೆಟ್ ಈಸ್ ಬ್ಯುಸಿ’ ಅನ್ನುತ್ತದೆ. ಕೊನೆಗೆ ರೀಬೂಟ್ ಮಾಡಬೇಕು. ಆಮೇಲೆ ಸ್ವಲ್ಪ ದಿನ ಎಲ್ಲ ಸರಿ, ಮತ್ತೆ ಅದೇ ಕಥೆ.

ಮೇಲ್ನೋಟಕ್ಕೆ ಇದು ಲಾಕ್ ದೋಷ. ಯಾರೋ ಲಾಕ್ ಹಿಡಿದು ಬಿಡಲು ಮರೆತಿದ್ದಾರೆ ಅಂತಲೇ ಅನಿಸುತ್ತದೆ. ಆದರೆ ಫೈಲ್‌ಸಿಸ್ಟಮ್ ಕೋಡಿನಲ್ಲಿ ಬಿದ್ದ ಜಾಗ ಬೇರೆ, ಎಡವಿದ ಜಾಗ ಬೇರೆ. ಇಲ್ಲಿ ಎಡವಿದ್ದು ಲಾಕ್‌ನಲ್ಲಿ ಅಲ್ಲ. ಡಿಸ್ಕ್‌ನಿಂದ ಒಂದು ಬ್ಲಾಕ್ ಓದಲು ಆಗದಿದ್ದಾಗ ಏನು ಮಾಡಬೇಕು ಅನ್ನುವ ನಾಲ್ಕು ಸಾಲಿನ ಕೋಡಿನಲ್ಲಿ. ಅಲ್ಲಿಯವರೆಗೆ ಹೇಗೆ ಹೋಗುವುದು, ಸರಿ ಮಾಡುವಾಗ ಎಲ್ಲಿ ಮತ್ತೆ ಎಡವಬಹುದು ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ.

ಉದಾಹರಣೆಗೆ ಹಿಡಿದಿರುವುದು ಲಿನಕ್ಸ್‌ನ ಮುಖ್ಯ ಮರದಲ್ಲಿ ಇಲ್ಲದ ಒಂದು ಸಣ್ಣ ಫೈಲ್‌ಸಿಸ್ಟಮ್ ಮಾಡ್ಯೂಲ್. ವಿನ್ಯಾಸ ಎಕ್ಸ್‌ಟಿ2ನ ಹಾಗೆ. ಅದರೊಳಗಿನ ಫಂಕ್ಷನ್‌ಗಳಿಗೆ ಇಲ್ಲಿ ಓದಲು ಸುಲಭವಾದ ಹೆಸರು ಕೊಟ್ಟಿದ್ದೇನೆ. ಉಳಿದ ಹೆಸರುಗಳು ಕರ್ನಲ್‌ನವೇ.

ಮೊದಲ ಊಪ್ಸ್ ಯಾವುದು?

ನಿಂತುಹೋದ ಪ್ರೋಸೆಸ್‌ನ ಸ್ಟ್ಯಾಕ್ ನೋಡುತ್ತಾ ಕೂರಬೇಡಿ. ಅದು ಏಟು ತಿಂದವರ ಹೇಳಿಕೆ ಅಷ್ಟೆ. ಕರ್ನಲ್ ಲಾಗ್ ತೆಗೆದು ಹಿಂದಕ್ಕೆ ಹೋಗಿ. ‘120 ಸೆಕೆಂಡಿಗಿಂತ ಜಾಸ್ತಿ ಹೊತ್ತು ಬ್ಲಾಕ್ ಆಗಿದೆ’ ಅನ್ನುವ ಹಂಗ್ ಟಾಸ್ಕ್ ಎಚ್ಚರಿಕೆಗಳನ್ನು ದಾಟಿ ಇನ್ನೂ ಮೇಲೆ ನೋಡಿ. ಅಲ್ಲಿ ಒಂದು ಊಪ್ಸ್, ಅಂದರೆ ಕರ್ನಲ್ ತನ್ನದೇ ಕೋಡು ಎಡವಿದಾಗ ಲಾಗ್‌ಗೆ ಬರೆಯುವ ವರದಿ, ಇರುತ್ತದೆ. ಊಪ್ಸ್‌ಗಳಿಗೆ ಕರ್ನಲ್ ಕ್ರಮಸಂಖ್ಯೆ ಹಾಕುತ್ತದೆ. ನಿಮಗೆ ಬೇಕಾದದ್ದು ಚೌಕ ಆವರಣದೊಳಗೆ ‘#1’ ಅಂತ ಇರುವುದು. ಒಮ್ಮೆ ಊಪ್ಸ್ ಆದ ಕರ್ನಲ್‌ನಲ್ಲಿ ಆಮೇಲೆ ಬರುವ ಯಾವ ಸಂದೇಶವನ್ನೂ ಪೂರ್ತಿ ನಂಬಬಾರದು.

ಈ ದೂರಿನಲ್ಲಿ ಮೊದಲ ಊಪ್ಸ್ ಆಗಿದ್ದು ಗಂಟೆಗಳ ಹಿಂದೆ. ಹಳೆಯ ಡೈರೆಕ್ಟರಿಗಳನ್ನು ಅಳಿಸುವ ಒಂದು ಸ್ಕ್ರಿಪ್ಟ್ ಆರ್‌ಎಂಡಿರ್ ನಡೆಸುವಾಗ ‘ಕಿಲ್ಡ್’ ಅಂತ ಸತ್ತಿತ್ತು. ಯಾರೂ ಗಮನಿಸಿರಲಿಲ್ಲ. ಆರ್‌ಎಂಡಿರ್ ನಡೆಯುವಾಗ ಕರ್ನಲ್ ಮೇಲಿನ ಡೈರೆಕ್ಟರಿಯ ಲಾಕನ್ನೂ ಅಳಿಸಬೇಕಾದ ಡೈರೆಕ್ಟರಿಯ ಲಾಕನ್ನೂ ಹಿಡಿದಿರುತ್ತದೆ. ಊಪ್ಸ್ ಆದಾಗ ಆ ಟಾಸ್ಕ್ ಅಲ್ಲೇ ಸಾಯುತ್ತದೆ. ಲಾಕ್ ಬಿಡುವವರು ಯಾರೂ ಇಲ್ಲ. ಮೌಂಟ್ ಮೇಲೆ ಅದು ಹಿಡಿದಿದ್ದ ಲೆಕ್ಕವೂ ಇಳಿಯುವುದಿಲ್ಲ. ಹಾಗಾಗಿ ಆಮೇಲೆ ಅಲ್ಲಿ ಫೈಲ್ ಮಾಡಲು ಬಂದವರು ಕಾಯುತ್ತಾ ನಿಲ್ಲುತ್ತಾರೆ, ಅನ್‌ಮೌಂಟ್ ಬ್ಯುಸಿ ಅನ್ನುತ್ತದೆ. ದೂರಿನ ಎರಡೂ ಲಕ್ಷಣಕ್ಕೆ ಉತ್ತರ ಸಿಕ್ಕಿತು. ಲಾಕ್ ಕೋಡಿನಲ್ಲಿ ತಪ್ಪಿಲ್ಲ.

ವಿಳಾಸದಲ್ಲೇ ಸುಳಿವು ಇದೆ

ಊಪ್ಸ್‌ನ ಮೊದಲ ಸಾಲು ಹೇಳಿದ್ದು: ಕರ್ನಲ್ ನಲ್ ಪಾಯಿಂಟರ್ ಡಿರೆಫರೆನ್ಸ್, ವಿಳಾಸ 0000000000000023.

ಈ ಸಾಲಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ‘ನಲ್ ಪಾಯಿಂಟರ್’ ಅಂತ ಕಂಡ ತಕ್ಷಣ ಒಂದು ನಲ್ ಚೆಕ್ ಸೇರಿಸಿ ಮುಗಿಸುವ ಆಸೆ ಬರುತ್ತದೆ. ಆದರೆ x86ನಲ್ಲಿ ಕರ್ನಲ್ ಈ ಮಾತು ಹೇಳುವುದು ವಿಳಾಸ ತೀರಾ ಚಿಕ್ಕದು, ಮೊದಲ ಪುಟದೊಳಗೇ ಇದೆ ಅನ್ನುವ ಕಾರಣಕ್ಕೆ. ಪಾಯಿಂಟರ್ ನಿಜವಾಗಿ ನಲ್ ಆಗಿತ್ತಾ ಅನ್ನುವುದು ಅದಕ್ಕೆ ಗೊತ್ತಿಲ್ಲ.

23 ಅನ್ನುವುದು ಹೆಕ್ಸ್. ದಶಮಾನದಲ್ಲಿ 35. ಬೆಸ ಸಂಖ್ಯೆ. ನಲ್ ಪಾಯಿಂಟರ್ ಆಗಿದ್ದರೆ ಈ ವಿಳಾಸ ಸ್ಟ್ರಕ್ಟ್‌ನೊಳಗಿನ ಒಂದು ಫೀಲ್ಡ್‌ನ ಆಫ್‌ಸೆಟ್ ಆಗಿರಬೇಕಿತ್ತು. 64 ಬಿಟ್‌ನಲ್ಲಿ ಪಾಯಿಂಟರ್ ಫೀಲ್ಡ್‌ಗಳು 8ರ ಗುಣಕದಲ್ಲೇ ಕೂರುತ್ತವೆ. 35ರಲ್ಲಿ ಯಾವ ಪಾಯಿಂಟರ್ ಫೀಲ್ಡೂ ಇರಲ್ಲ. ಬಫರ್ ಹೆಡ್ (ಮೆಮೊರಿಗೆ ಓದಿದ ಡಿಸ್ಕ್ ಬ್ಲಾಕಿನ ವಿವರ ಇಡುವ) ಸ್ಟ್ರಕ್ಟನ್ನು, ಫೀಲ್ಡ್‌ಗಳ ಆಫ್‌ಸೆಟ್ ತೋರಿಸುವ ಪಾಹೋಲ್‌ನಲ್ಲಿ ತೆಗೆದು ನೋಡಿದರೆ ‘ಬಿ_ಡೇಟಾ’ ಫೀಲ್ಡ್ 40ರಲ್ಲಿದೆ. 40ರಿಂದ 35ಕ್ಕೆ 5 ಕಮ್ಮಿ. ಅಂದರೆ ಪಾಯಿಂಟರ್‌ನ ಬೆಲೆ ಸೊನ್ನೆ ಅಲ್ಲ, -5. ಮತ್ತೆ 5 ಅಂದರೆ ಇಐಒ, ಇನ್‌ಪುಟ್-ಔಟ್‌ಪುಟ್ ಎರರ್.

ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ಯಾರೋ ಒಂದು ಎರರ್ ನಂಬರನ್ನು ನಿಜವಾದ ಬಫರ್ ಅಂದುಕೊಂಡು ಅದರ ಡೇಟಾ ಓದಲು ಹೋಗಿದ್ದಾರೆ.

ಇದೇ ದೋಷ ಇನ್ನೊಂದು ವೇಷದಲ್ಲೂ ಬರುತ್ತದೆ. ಬ್ಲಾಕ್ ಓದಲು ಆಯಿತು, ಆದರೆ ಒಳಗಿನ ಮಾಹಿತಿ ಕೆಟ್ಟಿದೆ ಅಂದಾಗ ಈ ಮಾಡ್ಯೂಲ್ ಕೊಡುವುದು ಇಯುಕ್ಲೀನ್, ಅಂದರೆ -117. 40ರಿಂದ 117 ಕಳೆದರೆ -77. ಆಗ ಊಪ್ಸ್ ಹೇಳುವ ವಿಳಾಸ ಎಫ್‌ಗಳ ಉದ್ದ ಸಾಲು, ಕೊನೆಗೆ ಬಿ3. ಸಂದೇಶವೂ ಬೇರೆ: ‘ಅನೇಬಲ್ ಟು ಹ್ಯಾಂಡಲ್ ಪೇಜ್ ಫಾಲ್ಟ್’. ಎರಡು ಊಪ್ಸ್ ಅಕ್ಕಪಕ್ಕ ಇಟ್ಟರೆ ಸಂಬಂಧವೇ ಇಲ್ಲ ಅನಿಸುತ್ತದೆ. ಒಂದು ಸಾಲು ಕೋಡು, ಎರಡು ಮುಖ. ಅದಕ್ಕೇ ಊಪ್ಸ್ ಬಂದಾಗ ವಿಳಾಸಕ್ಕೂ ಫೀಲ್ಡ್ ಆಫ್‌ಸೆಟ್‌ಗೂ ಇರುವ ವ್ಯತ್ಯಾಸವನ್ನು ಒಮ್ಮೆ ಲೆಕ್ಕ ಹಾಕಿ. ಸಣ್ಣ ಋಣ ಸಂಖ್ಯೆ ಬಂದರೆ ಅದನ್ನು ಎರ್‌ನೋ (ಎರರ್ ನಂಬರ್) ಪಟ್ಟಿಯಲ್ಲಿ ಹುಡುಕಿ. 2, 5, 12, 22, 28, 117 ಇವು ಫೈಲ್‌ಸಿಸ್ಟಮ್ ಕೋಡಿನಲ್ಲಿ ಮತ್ತೆ ಮತ್ತೆ ಸಿಗುವ ನಂಬರ್‌ಗಳು. (ಮೆಮೊರಿ ದೋಷ ಹಿಡಿಯುವ ಕೇಸನ್ ಹಾಕಿದ ಕರ್ನಲ್‌ನಲ್ಲಿ ಸಂದೇಶದ ರೂಪ ಬದಲಾಗುತ್ತದೆ, ಈ ಲೆಕ್ಕವನ್ನು ಮಾಮೂಲಿ ಕರ್ನಲ್‌ನಲ್ಲಿ ಮಾಡುವುದು ಸುಲಭ.)

ಇದು ಹೇಗೆ ಸಾಧ್ಯ ಅಂತ ಹೊಸಬರಿಗೆ ಒಂದು ಮಾತು. ಕರ್ನಲ್ ಫಂಕ್ಷನ್‌ಗಳು ಸೋತಾಗ ಋಣ ಎರ್‌ನೋ ವಾಪಸ್ ಕೊಡುತ್ತವೆ. ಪಾಯಿಂಟರ್ ಕೊಡಬೇಕಾದ ಫಂಕ್ಷನ್ ನಂಬರ್ ಹೇಗೆ ಕೊಡುವುದು? ವಿಳಾಸಗಳ ಸಾಲಿನ ತುತ್ತತುದಿಯ 4095 ಬೆಲೆಗಳಲ್ಲಿ ನಿಜವಾದ ವಸ್ತು ಯಾವುದೂ ಇರುವುದಿಲ್ಲ. ಆ ಜಾಗವನ್ನು ಎರರ್‌ಗೆ ಮೀಸಲಿಟ್ಟಿದ್ದಾರೆ. ‘ಎರ್_ಪಿಟಿಆರ್’ ನಂಬರನ್ನು ಪಾಯಿಂಟರ್ ಮಾಡುತ್ತದೆ, ‘ಈಸ್_ಎರ್’ ಪರೀಕ್ಷೆ ಮಾಡುತ್ತದೆ, ‘ಪಿಟಿಆರ್_ಎರ್’ ಮತ್ತೆ ನಂಬರ್ ಮಾಡುತ್ತದೆ. ತೊಂದರೆ ಏನೆಂದರೆ ಎಲ್ಲ ಫಂಕ್ಷನ್‌ಗಳೂ ಇದನ್ನೇ ಪಾಲಿಸುವುದಿಲ್ಲ. ‘ಎಸ್‌ಬಿ_ಬಿರೀಡ್’ ಸೋತರೆ ನಲ್ ಕೊಡುತ್ತದೆ. ‘ಐಗೆಟ್_ಲಾಕ್ಡ್’ ಕೂಡ ನಲ್. ಎಕ್ಸ್‌ಟಿ4ನ ‘ಎಕ್ಸ್‌ಟಿ4_ಬಿರೀಡ್’ ಮೂರು ಬಗೆ: ಬಫರ್ ಸಿಗಬಹುದು, ಆ ಜಾಗದಲ್ಲಿ ಬ್ಲಾಕೇ ಇಲ್ಲದಿದ್ದರೆ ನಲ್ ಬರಬಹುದು, ಸೋತರೆ ಎರರ್ ಪಾಯಿಂಟರ್. ಎಲ್ಲಕ್ಕೂ ಸಿ ಭಾಷೆಯಲ್ಲಿ ಒಂದೇ ಟೈಪ್, ಕಂಪೈಲರ್ ತುಟಿ ಪಿಟಕ್ಕೆನ್ನುವುದಿಲ್ಲ.

ಸಾಲು ಸಿಕ್ಕಿತು

ಊಪ್ಸ್‌ನ ಆರ್‌ಐಪಿ ಸಾಲಿನಲ್ಲಿ ಫಂಕ್ಷನ್ ಹೆಸರು, ಆಫ್‌ಸೆಟ್ ಇರುತ್ತದೆ. ಡೀಬಗ್ ಮಾಹಿತಿ ಸಮೇತ ಬಿಲ್ಡ್ ಮಾಡಿದ ಅದೇ ಮಾಡ್ಯೂಲ್ ಫೈಲನ್ನು ಕರ್ನಲ್ ಮರದ ಸ್ಕ್ರಿಪ್ಟ್ಸ್ ಫೋಲ್ಡರಿನ ‘ಎಫ್‌ಅಡ್ರ್2ಲೈನ್’ಗೆ ಕೊಟ್ಟರೆ ಸಾಲಿನ ನಂಬರ್ ಬರುತ್ತದೆ. ‘ಅದೇ’ ಅನ್ನುವುದು ಮುಖ್ಯ. ಬೇರೆ ಬಿಲ್ಡ್ ಕೊಟ್ಟರೆ ಉತ್ತರ ಬರುತ್ತದೆ, ಆದರೆ ತಪ್ಪು ಉತ್ತರ.

ಸಾಲು ತೋರಿಸಿದ್ದು ಡೈರೆಕ್ಟರಿ ಖಾಲಿ ಇದೆಯಾ ಅಂತ ನೋಡುವ ಫಂಕ್ಷನ್‌ನ ಒಳಗೆ (ಐನೋಡ್ ಅಂದರೆ ಒಂದು ಫೈಲ್ ಅಥವಾ ಡೈರೆಕ್ಟರಿಯ ವಿವರ ಇಡುವ ದಾಖಲೆ, ಬಿಎಚ್ ಅಂದರೆ ಬಫರ್ ಹೆಡ್):

ಫಾರ್ (ಎನ್ = 0; ಎನ್ < ಬ್ಲಾಕ್‌ಗಳು; ಎನ್++) {
    ಬಿಎಚ್ = ಡಿರ್_ಬ್ಲಾಕ್(ಐನೋಡ್, ಎನ್);
    ಇಫ್ (!ಬಿಎಚ್)
        ಕಂಟಿನ್ಯೂ;
    ಡಿಇ = ಬಿಎಚ್->ಬಿ_ಡೇಟಾ;
    /* ಎಂಟ್ರಿಗಳನ್ನು ನೋಡು. ಚುಕ್ಕಿ, ಜೋಡಿ ಚುಕ್ಕಿ ಬಿಟ್ಟು
       ಬೇರೆ ಇದ್ದರೆ ಬಿಎಚ್ ಬಿಟ್ಟು 0 ವಾಪಸ್ */
    ಬಿರಿಲೀಸ್(ಬಿಎಚ್);
}
ರಿಟರ್ನ್ 1;

‘ಡಿರ್_ಬ್ಲಾಕ್’ ಸೋತಾಗ ಎರರ್ ಪಾಯಿಂಟರ್ ಕೊಡುತ್ತದೆ. ಇಲ್ಲಿ ಪರೀಕ್ಷೆ ನಲ್‌ಗೆ. -5 ನಲ್ ಅಲ್ಲ, ಹಾಗಾಗಿ ಪರೀಕ್ಷೆ ದಾಟಿ ಮುಂದಿನ ಸಾಲಿಗೆ ಹೋಯಿತು, ಬಿತ್ತು.

ಇಲ್ಲಿಗೆ ನಿಲ್ಲಿಸಬೇಡಿ. ಗಿಟ್ ಬ್ಲೇಮ್ ಹಾಕಿ, ಈ ಪರೀಕ್ಷೆ ಯಾಕೆ ಹೀಗಿದೆ ಅಂತ ನೋಡಿ. ಹಿಂದೆ ‘ಡಿರ್_ಬ್ಲಾಕ್’ ಸೋತರೆ ನಲ್ಲೇ ಕೊಡುತ್ತಿತ್ತು. ಆಮೇಲೆ ಯಾರೋ ಒಳ್ಳೆಯ ಕಾರಣಕ್ಕೇ ಅದನ್ನು ಬದಲಾಯಿಸಿದ್ದರು. ಕಾರಣ ಏನೆಂದರೆ ಫೈಲ್ ಹುಡುಕುವಾಗ ಬ್ಲಾಕ್ ಓದಲು ಆಗದಿದ್ದರೆ ಹಳೆಯ ಕೋಡು ‘ಅಂಥ ಫೈಲ್ ಇಲ್ಲ’ ಅಂತ ಹೇಳುತ್ತಿತ್ತು. ಕರ್ನಲ್ ಆ ‘ಇಲ್ಲ’ವನ್ನು ಡೆಂಟ್ರಿ ಕ್ಯಾಶ್‌ನಲ್ಲಿ (ಹುಡುಕಿದ ಹೆಸರುಗಳನ್ನು ಮೆಮೊರಿಯಲ್ಲಿ ಇಡುವ ಜಾಗ) ನೆನಪಿಟ್ಟುಕೊಳ್ಳುತ್ತದೆ. ಡಿಸ್ಕ್ ಆಮೇಲೆ ಸರಿಯಾದರೂ ಫೈಲ್ ಕಾಣುವುದಿಲ್ಲ. ಅದೇ ಹೆಸರಿನಲ್ಲಿ ಇನ್ನೊಂದು ಫೈಲ್ ಮಾಡಿದರೆ ಒಂದೇ ಡೈರೆಕ್ಟರಿಯಲ್ಲಿ ಒಂದೇ ಹೆಸರು ಎರಡು ಸಲ ಕೂರುತ್ತದೆ. ಅದನ್ನು ತಪ್ಪಿಸಲು ಎರರ್ ಪಾಯಿಂಟರ್ ತಂದರು. ಕರೆಯುವ ಜಾಗಗಳನ್ನೆಲ್ಲ ತಿದ್ದಿದರು. ಒಂದು ಉಳಿಯಿತು.

ಈಗ ಆ ಉಳಿದ ಜಾಗದ ಹಳೆಯ ನಡತೆಯನ್ನು ಯೋಚಿಸಿ. ಬದಲಾವಣೆಗೆ ಮೊದಲು ಊಪ್ಸ್ ಇರಲಿಲ್ಲ ನಿಜ. ಆದರೆ ಏನಾಗುತ್ತಿತ್ತು? ಬ್ಲಾಕ್ ಓದಲು ಆಗದಿದ್ದರೆ ‘ಕಂಟಿನ್ಯೂ’. ಕೊನೆಗೆ ‘1’, ಅಂದರೆ ಖಾಲಿ ಇದೆ. ತುಂಬಿದ ಡೈರೆಕ್ಟರಿಯನ್ನು ಆರ್‌ಎಂಡಿರ್ ಸುಮ್ನೆ ಅಳಿಸಿಬಿಡುತ್ತಿತ್ತು! ಓದಲು ಆಗದ ಬ್ಲಾಕಿನಲ್ಲಿ ಯಾರದೋ ಫೈಲ್‌ಗಳ ಹೆಸರಿದ್ದವು. ಅವೆಲ್ಲ ಅನಾಥ. ಯಾವ ಸಂದೇಶವೂ ಇಲ್ಲ, ಆರ್‌ಎಂಡಿರ್ ಸೊನ್ನೆ ವಾಪಸ್ ಕೊಟ್ಟು ಗೆದ್ದೆ ಅನ್ನುತ್ತಿತ್ತು.

ಹಾಗೆ ನೋಡಿದರೆ ಊಪ್ಸ್ ಬಂದದ್ದು ಪುಣ್ಯ. ಅದು ನಮ್ಮನ್ನು ಇದಕ್ಕಿಂತ ಕೆಟ್ಟ ದೋಷದ ಹತ್ತಿರ ಕರೆದುಕೊಂಡು ಬಂತು. ಊಪ್ಸ್ ಮಾತ್ರ ನಿಲ್ಲಿಸಿ ‘ಕಂಟಿನ್ಯೂ’ ಉಳಿಸಿಕೊಂಡರೆ ಆ ಹಳೆಯ ದೋಷವನ್ನು ನಾವೇ ಮತ್ತೆ ತಂದ ಹಾಗೆ. ಪ್ಯಾಚ್ ಬರೆಯುವ ಮೊದಲು ಈ ಪ್ರಶ್ನೆ ಕೇಳಲೇಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ: ಇಲ್ಲಿ ಸೋತರೆ, ಬಳಕೆದಾರರಿಗೆ ಸಿಗಬೇಕಾದ ಸತ್ಯವಾದ ಉತ್ತರ ಯಾವುದು? ಇಲ್ಲಿ ಅದು ‘ಖಾಲಿ’ಯೂ ಅಲ್ಲ, ‘ತುಂಬಿದೆ’ಯೂ ಅಲ್ಲ. ‘ಓದಲಾಗಲಿಲ್ಲ’.

ಬೇಕೆಂದಾಗ ದೋಷ ಬರುವಂತೆ ಮಾಡುವುದು

ತಿದ್ದುವ ಮೊದಲು ದೋಷವನ್ನು ಕೈವಶ ಮಾಡಿಕೊಳ್ಳಿ. ಕೆಟ್ಟ ಡಿಸ್ಕ್ ಬೇಕಾಗಿಲ್ಲ. ವರ್ಚುವಲ್ ಮೆಷೀನ್, ಒಂದು ಇಮೇಜ್ ಫೈಲ್, ಒಂದು ಡಿಸ್ಕ್ ಮೇಲೆ ಬೇಕಾದಂತೆ ಇನ್ನೊಂದು ಕಾಲ್ಪನಿಕ ಡಿಸ್ಕ್ ಕಟ್ಟುವ ಡಿವೈಸ್ ಮ್ಯಾಪರ್ ಇದ್ದರೆ ಸಾಕು. ಕೆಲಸದ ಮೆಷೀನಿನಲ್ಲಿ ಮಾತ್ರ ಮಾಡಬೇಡಿ, ಊಪ್ಸ್ ತರಿಸುವುದೇ ಇಲ್ಲಿನ ಉದ್ದೇಶ.

ಇಮೇಜ್ ಮೌಂಟ್ ಮಾಡಿ, ಒಂದು ಡೈರೆಕ್ಟರಿ ಮಾಡಿ, ಅದರೊಳಗೆ ಬೇರೆಲ್ಲೂ ಇರದಂಥ ವಿಚಿತ್ರ ಹೆಸರಿನ ಒಂದು ಫೈಲ್ ಮಾಡಿ. ಅನ್‌ಮೌಂಟ್ ಮಾಡಿ. ಈಗ ಗ್ರೆಪ್‌ಗೆ ‘-ಎಬಿಒ’ ಆಯ್ಕೆ ಕೊಟ್ಟು ಇಮೇಜ್ ಫೈಲಿನಲ್ಲೇ ಆ ಹೆಸರನ್ನು ಹುಡುಕಿ. ಹೆಸರು ಎಷ್ಟನೇ ಬೈಟ್‌ನಲ್ಲಿದೆ ಅಂತ ಬರುತ್ತದೆ. ಉದಾಹರಣೆಗೆ 1048616 ಬಂತು ಅನ್ನೋಣ. 4096ರಿಂದ ಭಾಗಿಸಿದರೆ 256, ಶೇಷ 40. ಅಂದರೆ ಡೈರೆಕ್ಟರಿಯ ಮೊದಲ ಬ್ಲಾಕ್ ಇರುವುದು ಡಿಸ್ಕ್‌ನ 256ನೇ ಬ್ಲಾಕಿನಲ್ಲಿ. ಡಿವೈಸ್ ಮ್ಯಾಪರ್ ಲೆಕ್ಕ ಹಾಕುವುದು 512 ಬೈಟ್‌ನ ಸೆಕ್ಟರ್‌ಗಳಲ್ಲಿ. 256 ಗುಣಿಸು 8, ಅಂದರೆ 2048. ಹಾಗಾಗಿ ಟೇಬಲ್‌ಗೆ ಮೂರು ಸಾಲು: 0ಯಿಂದ 2048 ಸೆಕ್ಟರ್ ‘ಲೀನಿಯರ್’, 2048ರಿಂದ 8 ಸೆಕ್ಟರ್ ‘ಎರರ್’, 2056ರಿಂದ ಕೊನೆಯವರೆಗೆ ಮತ್ತೆ ‘ಲೀನಿಯರ್’. ಡಿಎಂಸೆಟಪ್‌ಗೆ ಇದನ್ನು ಕೊಟ್ಟರೆ ಒಂದೇ ಒಂದು ಬ್ಲಾಕ್ ಕೆಟ್ಟಿರುವ ಡಿಸ್ಕ್ ಸಿದ್ಧ.

ಅದನ್ನು ಮೌಂಟ್ ಮಾಡಿ ಆರ್‌ಎಂಡಿರ್ ಹೊಡೆಯಿರಿ. ಊಪ್ಸ್ ಬರಬೇಕು, ವಿಳಾಸ 23. ಬ್ಲಾಕಿನ ಒಳಗಿನ ಕೆಲವು ಬೈಟ್ ಕೆಡಿಸಿ, ಎರರ್ ಸಾಲು ತೆಗೆದು ಮತ್ತೆ ನಡೆಸಿದರೆ ಇನ್ನೊಂದು ವೇಷ, ಬಿ3 ಬರಬೇಕು. ಎರಡೂ ಬಂದರೆ ನಿಮ್ಮ ಲೆಕ್ಕ ಸರಿ.

ಊಪ್ಸ್ ಬರದಿದ್ದರೆ ಬಹುತೇಕ ಕ್ಯಾಶ್ ಅಡ್ಡ ಬಂದಿರುತ್ತದೆ. ಮೌಂಟ್ ಆಗಿರುವಾಗಲೇ ಡಿಎಂಸೆಟಪ್‌ನ ಸಸ್ಪೆಂಡ್, ಲೋಡ್, ರೆಸ್ಯೂಮ್‌ನಿಂದ ಟೇಬಲ್ ಬದಲಿಸಿದರೆ ಬ್ಲಾಕ್ ಆಗಲೇ ಮೆಮೊರಿಯಲ್ಲಿ ಇರಬಹುದು. ಆಗ ಡಿಸ್ಕ್‌ಗೆ ಹೋಗುವ ಪ್ರಶ್ನೆಯೇ ಇಲ್ಲ. ‘ಡ್ರಾಪ್_ಕ್ಯಾಶಸ್’ಗೆ 3 ಬರೆದು ಮತ್ತೆ ನೋಡಿ.

ತಿದ್ದುವಾಗ ಎರಡು ಗುಂಡಿ

ಮೊದಲು ಹೊಳೆಯುವ ತಿದ್ದುಪಡಿ ಇದು: ನಲ್ ಪರೀಕ್ಷೆ ತೆಗೆದು ‘ಈಸ್_ಎರ್’ ಹಾಕುವುದು, ‘ಕಂಟಿನ್ಯೂ’ ಬದಲು ‘ರಿಟರ್ನ್ ಪಿಟಿಆರ್_ಎರ್(ಬಿಎಚ್)’. ಫಂಕ್ಷನ್ ಒಳಗೆ ನೋಡಿದರೆ ಸರಿಯಾಗಿದೆ. ಆದರೆ ಕರೆಯುವ ಕಡೆ ಏನಿದೆ ನೋಡಿ:

ಇಫ್ (!ಖಾಲಿ_ಇದೆಯಾ(ಐನೋಡ್))
    ರಿಟರ್ನ್ -ಇನಾಟ್‌ಎಂಪ್ಟಿ;

ಫಂಕ್ಷನ್ ಈಗ -5 ಕೊಟ್ಟಿತು. ಸಿ ಭಾಷೆಗೆ ಸೊನ್ನೆ ಅಲ್ಲದ್ದೆಲ್ಲ ನಿಜ. -5ಕ್ಕೆ ‘!’ ಹಾಕಿದರೆ ಸುಳ್ಳು. ಪರೀಕ್ಷೆ ದಾಟಿತು, ಡೈರೆಕ್ಟರಿ ಅಳಿಯಿತು. ಊಪ್ಸ್ ಹೋಯಿತು, ತುಂಬಿದ ಡೈರೆಕ್ಟರಿ ಅಳಿಸುವ ಹಳೆಯ ದೋಷ ಮರಳಿ ಬಂತು. ಅದೂ ಸದ್ದಿಲ್ಲದೆ. ಈ ಪ್ಯಾಚ್‌ಗೆ ಊಪ್ಸ್ ಬರುತ್ತದಾ ಅಂತ ಮಾತ್ರ ಪರೀಕ್ಷೆ ಮಾಡಿದರೆ ಪಾಸ್!

ಹೌದು-ಇಲ್ಲ ಅಂತ ಎರಡೇ ಉತ್ತರ ಕೊಡುವ ಫಂಕ್ಷನ್‌ಗೆ ಮೂರನೇ ಉತ್ತರ ತುರುಕಬಾರದು. ಅದರ ಆಕಾರವನ್ನೇ ಬದಲಿಸಿ. ನಾನು ಮಾಡುವುದು ಹೀಗೆ: ಫಂಕ್ಷನ್ ಹೆಸರನ್ನು ‘ಖಾಲಿ_ಪರೀಕ್ಷೆ’ ಅಂತ ಬದಲಿಸುತ್ತೇನೆ. ಖಾಲಿ ಇದ್ದರೆ 0, ತುಂಬಿದ್ದರೆ -ಇನಾಟ್‌ಎಂಪ್ಟಿ, ಓದಲು ಆಗದಿದ್ದರೆ ಬಂದ ಎರರ್ ಹಾಗೆಯೇ. ಕರೆಯುವವರ ಕೆಲಸ ಸರಳ ಆಗುತ್ತದೆ:

ಎರ್ = ಖಾಲಿ_ಪರೀಕ್ಷೆ(ಐನೋಡ್);
ಇಫ್ (ಎರ್)
    ರಿಟರ್ನ್ ಎರ್;

ಹೆಸರು ಬದಲಿಸುವುದು ಅಂದಕ್ಕಲ್ಲ. ಹಳೆಯ ಹೆಸರಿನಲ್ಲಿ ಕರೆಯುವ ಯಾವ ಜಾಗ ಉಳಿದರೂ ಬಿಲ್ಡ್ ಮುರಿಯುತ್ತದೆ. ಹಿಂದೆ ‘ಡಿರ್_ಬ್ಲಾಕ್’ ಬದಲಿಸಿದವರು ಹೆಸರನ್ನೂ ಬದಲಿಸಿದ್ದರೆ ಕಂಪೈಲರ್ ಅವತ್ತೇ ಈ ಉಳಿದ ಜಾಗವನ್ನು ತೋರಿಸುತ್ತಿತ್ತು. ಕೊಡುವ ಬೆಲೆಯ ಅರ್ಥ ಬದಲಾದರೆ ಹೆಸರೂ ಬದಲಾಗಲಿ.

ಎರಡನೇ ಗುಂಡಿ ರಿನೇಮ್‌ನಲ್ಲಿದೆ. ಆರ್‌ಎಂಡಿರ್ ಜೊತೆಗೆ ರಿನೇಮ್ ಕೂಡ ಇದೇ ಪರೀಕ್ಷೆ ಮಾಡುತ್ತದೆ, ಯಾಕೆಂದರೆ ಒಂದು ಡೈರೆಕ್ಟರಿಯನ್ನು ಇನ್ನೊಂದರ ಮೇಲೆ ಸರಿಸುವಾಗ ಆ ಇನ್ನೊಂದು ಖಾಲಿ ಇರಬೇಕು. ಆದರೆ ಆ ಹೊತ್ತಿಗೆ ರಿನೇಮ್ ಹಳೆಯ ಎಂಟ್ರಿಯ ಬಫರನ್ನು ಕೈಯಲ್ಲಿ ಹಿಡಿದಿರುತ್ತದೆ. ಇಲ್ಲಿ ನೇರ ‘ರಿಟರ್ನ್ ಎರ್’ ಹಾಕಿದರೆ ಬಫರ್ ಬಿಡುವವರಿಲ್ಲ. ಅದಕ್ಕೆ ‘ಗೋಟೂ ಔಟ್_ಬಫರ್’ ಬೇಕು. ಆ ಲೇಬಲ್ ಅಡಿಯಲ್ಲಿ ‘ಬಿರಿಲೀಸ್’ ಇರಬೇಕು.

ಎರರ್ ದಾರಿ ಓದುವಾಗ ನಾನು ಒಂದು ಕಾಗದ ಇಟ್ಟುಕೊಳ್ಳುತ್ತೇನೆ. ಫಂಕ್ಷನ್‌ನ ಮೇಲಿನಿಂದ ಇಳಿಯುತ್ತಾ ಹಿಡಿದದ್ದನ್ನೆಲ್ಲ ಬರೆಯುವುದು: ಲಾಕ್, ಬಫರ್, ಐನೋಡ್ ಲೆಕ್ಕ, ಮೆಮೊರಿ. ಪ್ರತಿ ‘ಗೋಟೂ’ ಬಂದಾಗ ಈ ಕ್ಷಣ ಕೈಯಲ್ಲಿ ಏನಿದೆ ಅಂತ ನೋಡಿ, ಲೇಬಲ್ ಅದಷ್ಟನ್ನೇ, ಹಿಡಿದದ್ದಕ್ಕೆ ಉಲ್ಟಾ ಕ್ರಮದಲ್ಲಿ ಬಿಡುತ್ತದಾ ಅಂತ ತಾಳೆ ಹಾಕುವುದು. ಹಳೆಯ ವಿಧಾನ, ಆದರೆ ಕಣ್ಣಿಗೆ ಕಾಣದ್ದು ಕಾಗದದಲ್ಲಿ ಕಾಣುತ್ತದೆ. 2023ರಲ್ಲಿ ಬಂದ 6.5 ಕರ್ನಲ್‌ನಿಂದ ಸ್ಕೋಪ್ ಮುಗಿದಾಗ ತಾನಾಗಿ ಬಿಡುವ ‘__ಫ್ರೀ’, ‘ಗಾರ್ಡ್’ ಸೌಲಭ್ಯ ಇದೆ. ಹೊಸ ಕೋಡಿಗೆ ಒಳ್ಳೆಯದು. ಒಂದೇ ಫಂಕ್ಷನ್‌ನಲ್ಲಿ ಅದನ್ನೂ ‘ಗೋಟೂ’ವನ್ನೂ ಬೆರೆಸಬೇಡಿ.

ತಾಳೆ ಹಾಕುವಾಗ ಯಾರು ಯಾವುದರ ಒಡೆಯ ಅನ್ನುವುದನ್ನೂ ನೋಡಬೇಕು. ಮೌಂಟ್ ಮಾಡುವ ‘ಫಿಲ್_ಸೂಪರ್’ ಕೋಡಿನಲ್ಲಿ ಇದು ಜಾಸ್ತಿ ಕಾಡುತ್ತದೆ. ‘ಡಿ_ಮೇಕ್_ರೂಟ್’ ಸೋತರೆ, ಕೊಟ್ಟ ಐನೋಡನ್ನು ಅದೇ ಬಿಟ್ಟುಬಿಡುತ್ತದೆ. ಅದು ಗೊತ್ತಿಲ್ಲದೆ ನೀವೂ ‘ಐಪುಟ್’ ಮಾಡಿದರೆ ಎರಡು ಸಲ ಬಿಟ್ಟಂತೆ. 2012ಕ್ಕೆ ಮೊದಲು ಆ ಜಾಗದಲ್ಲಿದ್ದ ‘ಡಿ_ಅಲಾಕ್_ರೂಟ್’ ಹಾಗೆ ಬಿಡುತ್ತಿರಲಿಲ್ಲ, ಹಾಗಾಗಿ ಹಳೆಯ ಕೋಡು ನೋಡಿ ನಕಲು ಮಾಡುವವರು ಇಲ್ಲಿ ಬೀಳುತ್ತಾರೆ. ಇನ್ನೊಂದು: ರೂಟ್ ಡೆಂಟ್ರಿ ಕೂರುವ ಮೊದಲೇ ‘ಫಿಲ್_ಸೂಪರ್’ ಸೋತರೆ ಕರ್ನಲ್ ನಿಮ್ಮ ‘ಪುಟ್_ಸೂಪರ್’ ಕರೆಯುವುದೇ ಇಲ್ಲ. ಅಲ್ಲಿಯವರೆಗೆ ಹಿಡಿದದ್ದನ್ನು ನೀವೇ ಬಿಡಬೇಕು. ಐನೋಡ್ ಓದುವ ಕಡೆಯೂ ಹಾಗೆ. ‘ಐಗೆಟ್_ಲಾಕ್ಡ್’ ಹೊಸ ಐನೋಡ್ ಕೊಟ್ಟ ಮೇಲೆ ಓದಲು ಸೋತರೆ ‘ಐಗೆಟ್_ಫೇಲ್ಡ್’ ಕರೆಯಬೇಕು. ಬರೀ ‘ಐಪುಟ್’ ಮಾಡಿ ಹೋದರೆ ‘ಹೊಸದು’ ಅನ್ನುವ ಗುರುತು ಹಾಗೇ ಉಳಿಯುತ್ತದೆ. ಅದೇ ಐನೋಡ್ ಕೇಳಿಕೊಂಡು ಬಂದ ಮುಂದಿನವರು ಕಾಯುತ್ತಲೇ ಇರುತ್ತಾರೆ. ಮತ್ತೆ ಅದೇ ‘ಡಿ’ ಸ್ಥಿತಿ, ಈ ಸಲ ಊಪ್ಸ್ ಕೂಡ ಇಲ್ಲದೆ.

‘ಈಸ್_ಎರ್_ಆರ್_ನಲ್’ ಬಗ್ಗೆ ಒಂದು ಮಾತು. ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ, ಹಾಕಿದರೆ ಸೇಫ್ ಅಂತ ಅನಿಸುತ್ತದೆ. ಆದರೆ ಆಮೇಲಿನ ಸಾಲು ‘ರಿಟರ್ನ್ ಪಿಟಿಆರ್_ಎರ್’ ಆಗಿದ್ದರೆ, ನಲ್ ಬಂದಾಗ ಅದರ ಬೆಲೆ ಸೊನ್ನೆ. ಸೊನ್ನೆ ಅಂದರೆ ಗೆಲುವು. ಸೋತ ಫಂಕ್ಷನ್ ಗೆದ್ದೆ ಅಂತ ಹೇಳಿತು. ಕರೆದ ಫಂಕ್ಷನ್ ಏನು ಕೊಡುತ್ತದೆ ಅಂತ ತೆರೆದು ಓದಿ, ಅದಕ್ಕೆ ತಕ್ಕ ಒಂದೇ ಪರೀಕ್ಷೆ ಹಾಕಿ.

ತಿದ್ದಿದ ಮೇಲೆ

ಅದೇ ಕೆಟ್ಟ ಬ್ಲಾಕಿನ ಡಿಸ್ಕ್ ಮೇಲೆ ಆರ್‌ಎಂಡಿರ್ ಈಗ ‘ಇನ್‌ಪುಟ್/ಔಟ್‌ಪುಟ್ ಎರರ್’ ಅನ್ನಬೇಕು. ಅಲ್ಲಿಗೇ ಬಿಡಬೇಡಿ. ಟೇಬಲನ್ನು ಪೂರ್ತಿ ಲೀನಿಯರ್‌ಗೆ ಬದಲಿಸಿ ಮತ್ತೆ ಆರ್‌ಎಂಡಿರ್ ಹೊಡೆಯಿರಿ. ಈಗ ‘ಡೈರೆಕ್ಟರಿ ನಾಟ್ ಎಂಪ್ಟಿ’ ಬರಬೇಕು. ಒಳಗೆ ನೋಡಿದರೆ ಆ ವಿಚಿತ್ರ ಹೆಸರಿನ ಫೈಲ್ ಹಾಗೇ ಇರಬೇಕು. ನನ್ನ ಮಟ್ಟಿಗೆ ನಿಜವಾದ ಪರೀಕ್ಷೆ ಇದೇ, ಡಿಸ್ಕ್ ಸರಿಯಾದ ಮೇಲೆ ಬಳಕೆದಾರರ ಫೈಲ್ ಅವರಿಗೆ ಸಿಗಬೇಕು. ರಿನೇಮ್‌ಗೂ ಇದನ್ನೇ ಮಾಡಿ. ಆಮೇಲೆ ಅನ್‌ಮೌಂಟ್, ಮಾಡ್ಯೂಲ್ ತೆಗೆಯುವುದು, ಫೈಲ್‌ಸಿಸ್ಟಮ್ ಸರಿ ಇದೆಯಾ ಅಂತ ನೋಡುವ ಎಫ್‌ಎಸ್‌ಸಿಕೆ. ಲಾಗ್‌ನಲ್ಲಿ ‘ಬ್ಯುಸಿ ಐನೋಡ್ಸ್ ಆಫ್ಟರ್ ಅನ್‌ಮೌಂಟ್’ ಇದ್ದರೆ ಎಲ್ಲೋ ‘ಐಪುಟ್’ ಕಮ್ಮಿಯಾಗಿದೆ. ‘ಟ್ರೈಯಿಂಗ್ ಟು ಫ್ರೀ ಫ್ರೀ ಬಫರ್’ ಇದ್ದರೆ ‘ಬಿರಿಲೀಸ್’ ಒಂದು ಜಾಸ್ತಿಯಾಗಿದೆ.

ಮೆಮೊರಿ ಸಿಗದ ದಾರಿಗಳನ್ನೂ ಒಮ್ಮೆ ನಡೆದು ನೋಡಿ. ಫಾಲ್ಟ್ ಇಂಜೆಕ್ಷನ್ ಹಾಕಿ ಬಿಲ್ಡ್ ಮಾಡಿದ ಕರ್ನಲ್‌ನಲ್ಲಿ ಪ್ರತಿ ಟಾಸ್ಕ್‌ಗೂ ‘ಫೇಲ್-ಎನ್‌ಟಿಎಚ್’ ಅನ್ನುವ ಫೈಲ್ ಇರುತ್ತದೆ. ಅದಕ್ಕೆ 1 ಬರೆದು ಮೌಂಟ್ ಮಾಡಿದರೆ ಮೊದಲ ಅಲೊಕೇಶನ್ ಸೋಲುತ್ತದೆ. 2 ಬರೆದರೆ ಎರಡನೆಯದು. ಹೀಗೆ ಒಂದೊಂದೇ ಹೆಚ್ಚಿಸುತ್ತಾ ಹೋಗುವುದು. ಕೆಲಸ ಮುಗಿದ ಮೇಲೆ ಆ ಫೈಲ್ ಓದಿದಾಗ 0 ಬಂದರೆ ಫಾಲ್ಟ್ ಬಿದ್ದಿದೆ, ಸೊನ್ನೆಗಿಂತ ಜಾಸ್ತಿ ಬಂದರೆ ಬೀಳುವ ಜಾಗಗಳೆಲ್ಲ ಮುಗಿದಿವೆ ಅಂತ ಅರ್ಥ. ಇದರಲ್ಲಿ ತುಂಬ ಜನ ಸಿಕ್ಕಿಬೀಳುವ ಒಂದು ವಿಷಯ ಇದೆ. ಡೀಬಗ್‌ಎಫ್‌ಎಸ್‌ನ ‘ಫೇಲ್‌ಸ್ಲ್ಯಾಬ್’ ಫೋಲ್ಡರಿನಲ್ಲಿ ‘ಇಗ್ನೋರ್-ಜಿಎಫ್‌ಪಿ-ವೇಟ್’ ಮೊದಲಿಗೆ ‘ವೈ’ ಆಗಿರುತ್ತದೆ. ಆಗ ಕಾಯಬಲ್ಲ ಅಲೊಕೇಶನ್‌ಗಳನ್ನು ಅದು ಮುಟ್ಟುವುದೇ ಇಲ್ಲ. ಫೈಲ್‌ಸಿಸ್ಟಮ್ ಕೋಡಿನ ಅಲೊಕೇಶನ್‌ಗಳು ಹೆಚ್ಚಿನವು ಆ ಬಗೆಯವೇ. ಅದನ್ನು ‘ಎನ್’ ಮಾಡದೆ ರಾತ್ರಿಯಿಡೀ ಟೆಸ್ಟ್ ಓಡಿಸಿ ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ.

ಕೋಡನ್ನು ನಡೆಸದೆ ಓದಿಯೇ ತಪ್ಪು ಹುಡುಕುವ ಸ್ಮ್ಯಾಚ್ ಅನ್ನೂ ಓಡಿಸಿ. ಎರರ್ ಪಾಯಿಂಟರ್ ಇರಬಹುದಾದದ್ದನ್ನು ಪರೀಕ್ಷಿಸದೆ ಬಳಸುವುದು, ಋಣ ಎರ್‌ನೋವನ್ನು ಅನ್‌ಸೈನ್ಡ್ ವೇರಿಯಬಲ್‌ಗೆ ಹಾಕಿ ಸೊನ್ನೆಗಿಂತ ಕಮ್ಮಿಯಾ ಅಂತ ನೋಡುವುದು, ಇಂಥವನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಕೊನೆಗೆ ಫೈಲ್‌ಸಿಸ್ಟಮ್ ಪರೀಕ್ಷೆಗಳ ಸಂಗ್ರಹವಾದ ಎಕ್ಸ್‌ಎಫ್‌ಎಸ್‌ಟೆಸ್ಟ್ಸ್‌ನ ‘ಕ್ವಿಕ್’ ಗುಂಪು, ನಿಮ್ಮ ತಿದ್ದುಪಡಿ ನೆಟ್ಟಗಿದ್ದ ದಾರಿಯನ್ನು ಕೆಡಿಸಿಲ್ಲ ಅಂತ ನೋಡಲು.

ಇಷ್ಟು ಹೇಳಿದ್ದು ಓದುವ ದಾರಿಯ ಬಗ್ಗೆ. ಬರೆಯುವ ದಾರಿಯಲ್ಲಿ ಸೋಲು ಗೊತ್ತಾಗುವ ಹೊತ್ತಿಗೆ ರೈಟ್ ಕರೆ ಆಗಲೇ ಗೆದ್ದು ಹೋಗಿರುತ್ತದೆ, ಎರರ್ ಹೇಳಲು ಸಿಗುವ ಜಾಗ ಎಫ್‌ಸಿಂಕ್ (ಬರೆದದ್ದನ್ನು ಡಿಸ್ಕ್‌ಗೆ ಮುಟ್ಟಿಸು ಅನ್ನುವ ಕರೆ) ಒಂದೇ ಅನ್ನಬಹುದು. 2017ರ 4.13 ಕರ್ನಲ್‌ಗೆ ಮೊದಲು ಒಬ್ಬರು ಎಫ್‌ಸಿಂಕ್ ಮಾಡಿ ಎರರ್ ಪಡೆದರೆ ಗುರುತು ಅಳಿಸಿಹೋಗುತ್ತಿತ್ತು, ಅದೇ ಫೈಲ್ ತೆರೆದಿದ್ದ ಇನ್ನೊಬ್ಬರಿಗೆ ಗೆಲುವು ಅಂತ ಉತ್ತರ ಹೋಗುತ್ತಿತ್ತು. ಆಮೇಲೆ ಬಂದ ‘ಎರ್‌ಸೀಕ್’ ವ್ಯವಸ್ಥೆಯಲ್ಲಿ, ಎರರ್ ಆದಾಗ ಫೈಲ್ ತೆರೆದಿದ್ದ ಪ್ರತಿಯೊಬ್ಬರಿಗೂ ಒಂದು ಸಲವಾದರೂ ಅದು ತಲುಪುತ್ತದೆ. ನಿಮ್ಮ ಫೈಲ್‌ಸಿಸ್ಟಮ್ ತನ್ನದೇ ಎಫ್‌ಸಿಂಕ್ ಬರೆದುಕೊಂಡಿದ್ದರೆ ಅದು ಆ ಎರರನ್ನು ಮೇಲಕ್ಕೆ ಕೊಡುತ್ತದಾ ಅಂತ ನೋಡಿಕೊಳ್ಳಿ.

ಪ್ಯಾಚ್ ಕಳಿಸುವಾಗ ಈ ತಿದ್ದುಪಡಿ ಒಂದೇ ಇರಲಿ. ಕಣ್ಣಿಗೆ ಬಿದ್ದ ಸ್ಪೇಸ್, ಕಾಮೆಂಟ್ ತಿದ್ದಲು ಹೋಗಬೇಡಿ, ಹಳೆಯ ಸ್ಟೇಬಲ್ ಕರ್ನಲ್‌ಗಳಿಗೆ ಒಯ್ಯುವವರಿಗೆ ಕಷ್ಟ. ಸಂದೇಶದಲ್ಲಿ ಮೊದಲು ಬಳಕೆದಾರರಿಗೆ ಏನಾಗುತ್ತದೆ ಅಂತ ಬರೆಯಿರಿ: ಡೈರೆಕ್ಟರಿಯ ಬ್ಲಾಕ್ ಓದಲು ಆಗದಿದ್ದಾಗ ಆರ್‌ಎಂಡಿರ್, ರಿನೇಮ್ ಊಪ್ಸ್ ಆಗುತ್ತವೆ. ಆಮೇಲೆ ಕಾರಣ, ಆಮೇಲೆ ತಿದ್ದುಪಡಿ. ‘ಫಿಕ್ಸಸ್’ ಸಾಲಿನಲ್ಲಿ ‘ಡಿರ್_ಬ್ಲಾಕ್’ ಬದಲಿಸಿದ ಕಮಿಟ್‌ನ ಹ್ಯಾಶ್‌ನ ಮೊದಲ 12 ಅಕ್ಷರ ಕೊಡಿ. ಅದಕ್ಕೂ ಹಿಂದಿನ ಕರ್ನಲ್‌ಗಳಲ್ಲಿ ಊಪ್ಸ್ ಬರದಿದ್ದರೂ ತುಂಬಿದ ಡೈರೆಕ್ಟರಿ ಅಳಿಯುವ ದೋಷ ಇದೆ ಅನ್ನುವುದನ್ನು ಒಂದು ಪ್ಯಾರಾದಲ್ಲಿ ಬಿಡಿಸಿ ಬರೆಯಿರಿ. ಇಲ್ಲದಿದ್ದರೆ ನಮ್ಮಲ್ಲಿ ಊಪ್ಸ್ ಇಲ್ಲವಲ್ಲ ಅಂತ ಹಳೆಯ ಕರ್ನಲ್ ನೋಡಿಕೊಳ್ಳುವವರು ಈ ಪ್ಯಾಚನ್ನು ಬಿಟ್ಟುಬಿಡುತ್ತಾರೆ.